ವಧಕಾರನ ಕೊಡಲಿ, ಪ್ರಭುತ್ವದ ಆಜ್ಞೆ: ಒಂದು ವೀಡಿಯೋ ಆಟದ ಖಳನನ್ನು ಕುರಿತು

೧

ಕನ್ನಡ ವಿಭಾಗಗಳ ಅಧ್ಯಯನದ ವ್ಯಾಪ್ತಿ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಹಿಗ್ಗಿದೆ. ಬಯಲಾಟ, ಜನಪದ ಕಥನ, ಸಿನಿಮಾ, ಧಾರಾವಾಹಿ, ಜಾಹೀರಾತು ಇವೆಲ್ಲವನ್ನೂ ಸಾಂಸ್ಕೃತಿಕ ಪಠ್ಯಗಳನ್ನಾಗಿ ಓದುವ ಕ್ರಮ ನಮಗೀಗ ಹೊಸದಲ್ಲ. ಆದರೆ ವೀಡಿಯೋ ಆಟದ ವಿಷಯದಲ್ಲಿ ನಮ್ಮ ವಿದ್ವತ್ ವಲಯ ಬಹುಮಟ್ಟಿಗೆ ಮೌನವಾಗಿದೆ. ಅದು ಹುಡುಗರ ಕಾಲಹರಣ, ಹೆಚ್ಚೆಂದರೆ ಹಿಂಸೆಯನ್ನು ಪ್ರಚೋದಿಸುವ ಸರಕು ಎಂಬ ತೀರ್ಮಾನದಲ್ಲೇ ಚರ್ಚೆ ಮುಗಿದುಹೋಗುತ್ತದೆ. ನಮ್ಮ ತರಗತಿಗಳಲ್ಲಿ ಕುಳಿತು ರಾಘವಾಂಕನನ್ನು ಕೇಳುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಅಪರಾಧ, ಶಿಕ್ಷೆ, ಕ್ರೌರ್ಯಗಳನ್ನು ಕುರಿತ ಕಥನಗಳನ್ನು ಇಂತಹ ಆಟಗಳಿಂದಲೂ ಪಡೆದುಕೊಂಡಿದ್ದಾರೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಪ್ರಸ್ತುತ ಲೇಖನ ಅಂತಹ ಒಂದು ಆಟದ ಒಂದು ಪಾತ್ರವನ್ನು ಮಾತ್ರ ಎತ್ತಿಕೊಳ್ಳುತ್ತದೆ. ೨೦೧೦ರಲ್ಲಿ ಯೂಬಿಸಾಫ್ಟ್ ಸಂಸ್ಥೆ ಹೊರತಂದ ‘ಅಸಾಸಿನ್ಸ್ ಕ್ರೀಡ್: ಬ್ರದರ್‌ಹುಡ್’ ಎಂಬ ಆಟದ ಕಥೆ ಹದಿನಾರನೆಯ ಶತಮಾನದ ಮೊದಲ ವರ್ಷಗಳ ರೋಮ್ ನಗರದಲ್ಲಿ ನಡೆಯುತ್ತದೆ. ಪೋಪ್ ಆರನೆಯ ಅಲೆಕ್ಸಾಂಡರ್ ಆಗಿದ್ದ ರೊದ್ರಿಗೋ ಬೋರ್ಜಿಯಾ ಮತ್ತು ಅವನ ಮಗ ಚೆಸಾರೆ ಬೋರ್ಜಿಯಾ ಇಲ್ಲಿಯ ಪ್ರತಿನಾಯಕರು. ಎಟ್ಸಿಯೋ ಆಡಿಟೋರೆ ಎಂಬ ಕಲ್ಪಿತ ನಾಯಕ ಅವರ ಆಡಳಿತದ ವಿರುದ್ಧ ಗುಪ್ತ ಸಂಘಟನೆಯೊಂದನ್ನು ಕಟ್ಟುತ್ತಾನೆ. ಅವನು ರೋಮಿಗೆ ಬಂದ ಆರಂಭದಲ್ಲೇ ಎದುರಾಗುವ ಖಳ ಒಬ್ಬ ವಧಕಾರ. ಬೋರ್ಜಿಯಾಗಳ ಹೆಸರಿನಲ್ಲಿ ನಿರಪರಾಧಿಗಳನ್ನು ಕೊಲ್ಲುವ ಈ ಕ್ರೂರಿಗೆ ಆಟ ವ್ಯಕ್ತಿನಾಮವನ್ನೇ ಕೊಟ್ಟಿಲ್ಲ. ಅವನು ‘ಇಲ್ ಕಾರ್ನೆಫಿಚೆ’, ಅಂದರೆ ‘ವಧಕಾರ’ ಅಷ್ಟೆ. ಆಟಗಾರ ಅವನನ್ನು ಕೊಲ್ಲುತ್ತಾನೆ, ಕಥೆ ಮುಂದುವರಿಯುತ್ತದೆ.

ಈ ಪಾತ್ರದ ಕ್ರೌರ್ಯ ಅತಿಯಾಯಿತೆಂಬುದು ನನ್ನ ತಕರಾರಲ್ಲ. ಮರಣದಂಡನೆ ಪ್ರಭುತ್ವದ ಕ್ರಿಯೆ. ಅದನ್ನು ಒಬ್ಬ ನೌಕರನ ಸ್ವಭಾವದೋಷವನ್ನಾಗಿ ಮಾರ್ಪಡಿಸಿದಾಗ ಆಜ್ಞೆ ಕೊಟ್ಟವನು ಕಥನದ ಮುನ್ನೆಲೆಯಿಂದ ಸರಿದುಹೋಗುತ್ತಾನೆ. ಈ ಸರಿಯುವಿಕೆಯನ್ನು ಗುರುತಿಸಲು ಬೇಕಾದ ಓದಿನ ಪರಿಕರಗಳು ನಮ್ಮ ಕಾವ್ಯಪರಂಪರೆಯಲ್ಲಿಯೇ ಇವೆ ಎಂಬುದು ಇಲ್ಲಿಯ ವಾದ.

೨

ಮೊದಲಿಗೆ ಹೆಸರನ್ನೇ ಗಮನಿಸಬಹುದು. ‘ಕಾರ್ನೆಫಿಚೆ’ ಎಂಬುದು ಲ್ಯಾಟಿನ್ನಿನ ‘ಕಾರ್ನಿಫೆಕ್ಸ್’ ಪದದಿಂದ ಬಂದಿದೆ. ಮಾಂಸ ಮತ್ತು ಮಾಡು ಎಂಬರ್ಥದ ಎರಡು ಧಾತುಗಳು ಸೇರಿದ ಪದವಿದು. ಜೀವವಿದ್ದ ದೇಹವನ್ನು ಬರಿಯ ಮಾಂಸವನ್ನಾಗಿ ಮಾಡುವವನು ಎಂಬುದು ಅದರ ಧ್ವನಿ. ಪ್ರಾಚೀನ ರೋಮಿನಲ್ಲಿ ಈ ಕೆಲಸದವನಿಗೆ ನಗರದೊಳಗೆ ವಾಸ ಮಾಡುವ ಹಕ್ಕಿರಲಿಲ್ಲ. ಕ್ರಿ.ಪೂ. ೬೩ರಲ್ಲಿ ರಬಿರಿಯಸ್ ಎಂಬಾತನ ಪರವಾಗಿ ಮಾಡಿದ ವಾದದಲ್ಲಿ ಸಿಸೆರೋ ಈ ಬಹಿಷ್ಕಾರವನ್ನು ಪ್ರಸ್ತಾಪಿಸಿದ್ದಾನೆ. ಸುಮಾರು ಹತ್ತೊಂಬತ್ತು ಶತಮಾನಗಳ ನಂತರವೂ ಪರಿಸ್ಥಿತಿ ಬಹಳ ಬದಲಾಗಿರಲಿಲ್ಲ. ‘ಮಾಸ್ತ್ರೊ ತಿತ್ತಾ’ ಎಂಬ ಅಡ್ಡಹೆಸರಿನ ಜೊವಾನಿ ಬತ್ತಿಸ್ತಾ ಬುಗಾತ್ತಿ ೧೭೯೬ರಿಂದ ೧೮೬೪ರವರೆಗೆ ಪೋಪರ ಆಳ್ವಿಕೆಯ ಪ್ರದೇಶದಲ್ಲಿ ವಧಕಾರನಾಗಿದ್ದ. ಅವನ ಮನೆ ತೈಬರ್ ನದಿಯ ಆಚೆ ದಡದಲ್ಲಿತ್ತು. ಕೆಲಸದ ದಿನಗಳಲ್ಲಿ ಹೊರತು ಅವನು ಸೇತುವೆ ದಾಟಿ ನಗರಕ್ಕೆ ಬರುವಂತಿರಲಿಲ್ಲ. ಅವನು ಸೇತುವೆ ದಾಟಿದನೆಂದರೆ ಯಾರದೋ ತಲೆ ಉರುಳಲಿದೆ ಎಂದು ಜನ ತಿಳಿಯುತ್ತಿದ್ದರು. ವಧಕಾರ ಸೇತುವೆ ದಾಟುವುದಿಲ್ಲ ಎಂಬ ನಾಣ್ಣುಡಿಯೇ ರೋಮಿನ ಆಡುಮಾತಿನಲ್ಲಿ ಉಳಿದುಬಂದಿದೆ.

ಕನ್ನಡದ ಓದುಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ‘ಕಟುಕ’ ಎಂಬ ವೃತ್ತಿವಾಚಕ ನಮ್ಮಲ್ಲಿ ನಿರ್ದಯಿ ಎಂಬ ಗುಣವಾಚಕವಾಗಿದೆ. ‘ಚಂಡಾಲ’ ಎಂಬ ಸಮುದಾಯವಾಚಕ ಬೈಗುಳವಾಗಿದೆ. ಸಮಾಜ ತನಗೆ ಅಗತ್ಯವಾದ, ಆದರೆ ತಾನು ಮಾಡಲು ಒಲ್ಲದ ಕೆಲಸವನ್ನು ಕೆಲವರಿಗೆ ವಹಿಸುತ್ತದೆ. ಆಮೇಲೆ ಆ ಕೆಲಸದ ಕಳಂಕವನ್ನು ಅವರ ಮೈಗೆ, ಮನೆಗೆ, ಮಕ್ಕಳಿಗೆ ಅಂಟಿಸುತ್ತದೆ. ಯುರೋಪಿನ ವಧಕಾರನನ್ನೂ ಭಾರತದ ಅಸ್ಪೃಶ್ಯ ಸಮುದಾಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗಲಾರದು. ಜಾತಿವ್ಯವಸ್ಥೆಯ ವ್ಯಾಪ್ತಿ ಮತ್ತು ಧಾರ್ಮಿಕ ಸಮರ್ಥನೆ ಬೇರೆಯೇ ಬಗೆಯದು. ಆದರೂ ವೃತ್ತಿಯ ಹೆಸರು ನೈತಿಕ ನಿಂದೆಯಾಗಿ ಮಾರ್ಪಡುವ ಭಾಷಿಕ ಪ್ರಕ್ರಿಯೆ ಎರಡೂ ಕಡೆ ಒಂದೇ ದಾರಿಯಲ್ಲಿ ನಡೆದಿದೆ. ಹೆಸರಿಲ್ಲದ ‘ಇಲ್ ಕಾರ್ನೆಫಿಚೆ’ ಈ ಪ್ರಕ್ರಿಯೆಯ ಇತ್ತೀಚಿನ ಕುಡಿ. ಅವನ ವೃತ್ತಿಯನ್ನು ಹೇಳಿದರೆ ಸಾಕು, ಅವನು ಕ್ರೂರಿಯೆಂಬುದನ್ನು ಬೇರೆಯಾಗಿ ಸಾಧಿಸಬೇಕಾಗಿಲ್ಲ.

ಈ ವೃತ್ತಿಗೆ ಜನ ಹೇಗೆ ಬರುತ್ತಿದ್ದರೆಂಬುದಕ್ಕೆ ರೋಮಿನಿಂದ ದೂರದ, ಜರ್ಮನ್ ಸೀಮೆಯ ಒಂದು ದಾಖಲೆ ಬೆಳಕು ಚೆಲ್ಲುತ್ತದೆ. ನ್ಯೂರೆಂಬರ್ಗ್ ನಗರದ ವಧಕಾರನಾಗಿದ್ದ ಫ್ರಾಂಜ್ ಶ್ಮಿಟ್ ೧೫೭೩ರಿಂದ ೧೬೧೭ರವರೆಗಿನ ತನ್ನ ವೃತ್ತಿಯ ವಿವರಗಳನ್ನು ಬರೆದಿಟ್ಟಿದ್ದಾನೆ. ಅವನು ಮರಣದಂಡನೆ ಜಾರಿಮಾಡಿದವರ ಸಂಖ್ಯೆ ಮುನ್ನೂರನ್ನು ಮೀರುತ್ತದೆ. ಅವನ ತಂದೆ ಹೈನ್‌ರಿಖ್ ಮೂಲತಃ ವಧಕಾರನಲ್ಲ. ಹೋಫ್ ಎಂಬ ಊರಿನಲ್ಲಿ ಆ ಸೀಮೆಯ ದೊರೆ ತನ್ನ ವಿರುದ್ಧ ಸಂಚು ಹೂಡಿದರೆಂದು ಮೂವರನ್ನು ಗಲ್ಲಿಗೇರಿಸಲು ಬಯಸಿದ. ಊರಿನಲ್ಲಿ ವಧಕಾರನಿರಲಿಲ್ಲ. ನೆರೆದ ಜನರ ನಡುವೆ ನಿಂತಿದ್ದ ಹೈನ್‌ರಿಖ್‌ನನ್ನೇ ಹಿಡಿದು ಆ ಕೆಲಸ ಮಾಡಿಸಲಾಯಿತು. ಒಮ್ಮೆ ಹಗ್ಗ ಹಿಡಿದ ಕೈಗೆ ಊರಿನಲ್ಲಿ ಬೇರೆ ಕೆಲಸ ದೊರೆಯಲಿಲ್ಲ. ಮನೆತನದ ಈ ಕಳಂಕವನ್ನು ತೊಡೆದುಹಾಕುವುದಕ್ಕಾಗಿ ಮಗ ಫ್ರಾಂಜ್ ಬದುಕಿಡೀ ಹೆಣಗಿದ. ನಿವೃತ್ತಿಯ ನಂತರ ಅವನು ಚಕ್ರವರ್ತಿಗೆ ಮನವಿ ಸಲ್ಲಿಸಿದ. ೧೬೨೪ರಲ್ಲಿ ಎರಡನೆಯ ಫರ್ಡಿನಾಂಡ್ ಕುಟುಂಬದ ಗೌರವವನ್ನು ಮರಳಿಸಿದ. ತಂದೆಯ ಕೈಗೆ ಹಗ್ಗ ಕೊಟ್ಟ ದೊರೆಗೆ ಇಂತಹ ಯಾವ ಮನವಿಯನ್ನೂ ಸಲ್ಲಿಸುವ ಪ್ರಮೇಯ ಬರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

೩

ಆಟದ ಕಾಲ ಮತ್ತು ಪಾತ್ರಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಚಾರಿತ್ರಿಕ ಘಟನೆ ಈ ಚರ್ಚೆಯ ಕೇಂದ್ರಕ್ಕೆ ಬರಬೇಕಾದದ್ದು. ಚೆಸಾರೆ ಬೋರ್ಜಿಯಾ ಇಟಲಿಯ ರೊಮಾನ್ಯಾ ಪ್ರಾಂತ್ಯವನ್ನು ಗೆದ್ದುಕೊಂಡ ಮೇಲೆ ಅಲ್ಲಿಯ ಅರಾಜಕತೆಯನ್ನು ಹತ್ತಿಕ್ಕಲು ರೆಮಿರ್ರೋ ದೆ ಓರ್ಕೋ ಎಂಬ ಕಠೋರ ಅಧಿಕಾರಿಯನ್ನು ನೇಮಿಸಿ ಪೂರ್ಣಾಧಿಕಾರ ಕೊಟ್ಟ. ರೆಮಿರ್ರೋ ಅಲ್ಪಕಾಲದಲ್ಲಿ ಪ್ರಾಂತ್ಯವನ್ನು ಹದ್ದುಬಸ್ತಿಗೆ ತಂದ. ಜನರ ದ್ವೇಷವನ್ನೂ ಗಳಿಸಿದ. ೧೫೦೨ರ ಡಿಸೆಂಬರ್ ೨೬ರ ಬೆಳಗ್ಗೆ ಚೆಜೆನಾ ಪಟ್ಟಣದ ಚೌಕದಲ್ಲಿ ಅವನ ದೇಹ ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಮರದ ತುಂಡು, ರಕ್ತಸಿಕ್ತವಾದ ಕತ್ತಿ. ಆಗ ಫ್ಲಾರೆನ್ಸಿನ ರಾಯಭಾರಿಯಾಗಿ ಚೆಸಾರೆಯ ಬಳಿಯಲ್ಲೇ ಇದ್ದ ಮ್ಯಾಕಿಯವೆಲ್ಲಿ ಈ ಘಟನೆಯನ್ನು ತನ್ನ ಸರ್ಕಾರಕ್ಕೆ ವರದಿ ಮಾಡಿದ. ಮುಂದೆ ೧೫೧೩ರಲ್ಲಿ ಬರೆದ ‘ದಿ ಪ್ರಿನ್ಸ್’ ಕೃತಿಯ ಏಳನೆಯ ಅಧ್ಯಾಯದಲ್ಲಿ ಅದರ ತರ್ಕವನ್ನು ಬಿಡಿಸಿಟ್ಟ. ನಡೆದ ಕ್ರೌರ್ಯ ತನ್ನಿಂದಾದದ್ದಲ್ಲ, ಅಧಿಕಾರಿಯ ಕಠೋರ ಸ್ವಭಾವದಿಂದಾದದ್ದು ಎಂದು ಜನರಿಗೆ ತೋರಿಸಬೇಕೆಂಬುದು ಚೆಸಾರೆಯ ಉದ್ದೇಶವಾಗಿತ್ತು ಎನ್ನುತ್ತಾನೆ ಮ್ಯಾಕಿಯವೆಲ್ಲಿ. ಆ ದೃಶ್ಯವನ್ನು ಕಂಡ ಜನ ಏಕಕಾಲಕ್ಕೆ ತೃಪ್ತರೂ ದಿಗ್ಭ್ರಾಂತರೂ ಆದರೆಂಬುದು ಅವನ ವಿಶ್ಲೇಷಣೆಯ ಸಾರ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಪ್ರಭುತ್ವ ಮೊದಲು ಕ್ರೌರ್ಯವನ್ನು ಒಬ್ಬ ನೌಕರನ ಮೂಲಕ ಚಲಾಯಿಸುತ್ತದೆ. ಅದರ ಫಲ ಕೈಸೇರಿದ ಮೇಲೆ ಆ ಕ್ರೌರ್ಯವನ್ನು ಅವನ ಗುಣವೆಂದು ಘೋಷಿಸಿ, ಅವನನ್ನೇ ಬಹಿರಂಗವಾಗಿ ತುಂಡರಿಸಿ ತಾನು ಶುದ್ಧವಾಗುತ್ತದೆ. ಈಗ ಆಟಕ್ಕೆ ಮರಳೋಣ. ಚೆಸಾರೆ ಚೆಜೆನಾದ ಜನರಿಗೆ ತೋರಿಸಿದ ದೃಶ್ಯವನ್ನೇ ಆಟ ತನ್ನ ಆಟಗಾರನಿಗೆ ತೋರಿಸುತ್ತದೆ. ಕ್ರೂರಿಯಾದ ಒಬ್ಬ ನೌಕರ, ಅವನ ದೇಹದ ಮೇಲೆ ನಡೆಯುವ ನ್ಯಾಯ, ನೋಡುಗನ ತೃಪ್ತಿ. ಒಂದು ವ್ಯತ್ಯಾಸವಿದೆ, ಚೆಜೆನಾದ ಜನ ನೋಡುಗರಷ್ಟೆ ಆಗಿದ್ದರು, ಇಲ್ಲಿ ಗುಂಡಿಯೊತ್ತುವ ಆಟಗಾರ ವಧೆಯ ಕರ್ತೃವೂ ಆಗುತ್ತಾನೆ. ವಿಪರ್ಯಾಸವೆಂದರೆ ಈ ತಂತ್ರವನ್ನು ಬಯಲುಮಾಡಿ ಬರೆದ ಮ್ಯಾಕಿಯವೆಲ್ಲಿ ಈ ಆಟದಲ್ಲಿ ನಾಯಕನ ಸಂಗಾತಿಗಳಲ್ಲಿ ಒಬ್ಬ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆಟದ ಮುಖ್ಯ ಖಳ ಚೆಸಾರೆಯೇ ತಾನೆ? ಕೊನೆಯಲ್ಲಿ ೧೫೦೭ರ ವಿಯಾನಾ ಮುತ್ತಿಗೆಯ ಸಂದರ್ಭದಲ್ಲಿ ನಾಯಕ ಅವನನ್ನು ಕೋಟೆಗೋಡೆಯಿಂದ ಕೆಳಗೆ ಕೆಡವುತ್ತಾನಲ್ಲವೇ? ಹಾಗಿರುವಾಗ ಆಜ್ಞೆ ಕೊಟ್ಟವನು ತಪ್ಪಿಸಿಕೊಂಡನೆಂದು ಹೇಳುವುದು ಹೇಗೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಚೆಸಾರೆ ಇಲ್ಲಿ ದೊಡ್ಡ ಪ್ರಮಾಣದ ಇನ್ನೊಬ್ಬ ಕ್ರೂರಿ. ವಧಕಾರನಿಂದ ಚೆಸಾರೆಯವರೆಗೆ ಆಟ ಕಟ್ಟಿಕೊಡುವುದು ಕೆಟ್ಟ ವ್ಯಕ್ತಿಗಳ ಒಂದು ಏಣಿಯನ್ನು. ಆಜ್ಞೆ, ವಿಚಾರಣೆ, ಸೆರೆಮನೆ, ಸಂಬಳ, ಜನಸಮ್ಮತಿ ಇವುಗಳಿಂದ ಕೂಡಿದ ಒಂದು ವ್ಯವಸ್ಥೆ ಆ ಏಣಿಯ ಮೆಟ್ಟಿಲುಗಳಲ್ಲಿ ಕಾಣಿಸುವುದಿಲ್ಲ. ನಗರದಲ್ಲಿ ಬೋರ್ಜಿಯಾ ಗೋಪುರಗಳಿವೆ. ಪ್ರತಿಯೊಂದಕ್ಕೂ ಒಬ್ಬ ದಳಪತಿ. ಅವನನ್ನು ಕೊಂದು ಗೋಪುರಕ್ಕೆ ಬೆಂಕಿಯಿಟ್ಟರೆ ಆ ಕೇರಿ ಬಿಡುಗಡೆಯಾಗುತ್ತದೆ, ಅಂಗಡಿಗಳನ್ನು ಮತ್ತೆ ತೆರೆಯಬಹುದು, ನಾಯಕನಿಗೆ ಆದಾಯವೂ ಬರತೊಡಗುತ್ತದೆ. ವ್ಯಕ್ತಿ ಹೋದರೆ ಅನ್ಯಾಯವೂ ಹೋಗುತ್ತದೆ ಎಂಬ ಸರಳ ನಂಬಿಕೆ ಆಟದ ನಿಯಮದಲ್ಲೇ ಹುದುಗಿದೆ.

ಇದೇ ಸರಣಿಯ ಹಿಂದಿನ ಆಟ ಈ ಪ್ರಶ್ನೆಯನ್ನು ಹೆಚ್ಚು ಎಚ್ಚರದಿಂದ ನಿಭಾಯಿಸಿತ್ತು ಎಂಬುದು ಉಲ್ಲೇಖನೀಯ. ೨೦೦೯ರ ‘ಅಸಾಸಿನ್ಸ್ ಕ್ರೀಡ್ ೨’ರಲ್ಲಿ ಎಟ್ಸಿಯೋನ ತಂದೆಯನ್ನೂ ಇಬ್ಬರು ಸೋದರರನ್ನೂ ೧೪೭೬ರಲ್ಲಿ ಫ್ಲಾರೆನ್ಸಿನ ಚೌಕದಲ್ಲಿ ಗಲ್ಲಿಗೇರಿಸಲಾಗುತ್ತದೆ. ಅಲ್ಲಿ ನಾಯಕನ ಮೊದಲ ಗುರಿ ಹಗ್ಗ ಎಳೆದವನಲ್ಲ. ಅವರು ನಿರಪರಾಧಿಗಳೆಂಬ ದಾಖಲೆಗಳು ಕೈಗೆ ಬಂದಿದ್ದರೂ ಮರಣದಂಡನೆ ವಿಧಿಸಿದ, ಕುಟುಂಬದ ಸ್ನೇಹಿತನೇ ಆದ ನ್ಯಾಯಾಧಿಕಾರಿ ಉಬೆರ್ತೋ ಆಲ್ಬೆರ್ತಿ ಅವನ ಗುರಿ. ಅಲ್ಲಿ ಕ್ರೌರ್ಯ ತೀರ್ಪಿನಲ್ಲಿತ್ತು. ಮುಂದಿನ ವರ್ಷದ ಆಟದಲ್ಲಿ ಅದು ಕೊಡಲಿಗೆ ಇಳಿಯಿತು.

೪

ಈಗ ನಮ್ಮ ಪರಂಪರೆಯ ಎರಡು ಪ್ರಸಂಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪ್ರಭಾವ, ಆಕರಗಳ ಪ್ರಶ್ನೆ ಇಲ್ಲಿ ಉದ್ಭವಿಸುವುದಿಲ್ಲ. ಒಂದೇ ಸನ್ನಿವೇಶವನ್ನು ಬೇರೆ ಬೇರೆ ಕಥನಗಳು ಹೇಗೆ ನಿರ್ವಹಿಸಿವೆ ಎಂಬ ತೌಲನಿಕ ಕುತೂಹಲವಷ್ಟೆ ಇದರ ಹಿಂದಿದೆ.

ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸನ ಕಥೆಯಲ್ಲಿ ಕುಂತಳದ ಮಂತ್ರಿ ದುಷ್ಟಬುದ್ಧಿ ಅನಾಥ ಬಾಲಕನನ್ನು ಕೊಲ್ಲಲು ಕಟುಕರನ್ನು ಕಳುಹಿಸುತ್ತಾನೆ. ಮಗುವನ್ನು ಕಂಡ ಅವರ ಮನಸ್ಸು ಕರಗುತ್ತದೆ. ಅವನ ಕಾಲಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ, ಕೊಂದದ್ದಕ್ಕೆ ಗುರುತೆಂದು ಮಂತ್ರಿಗೆ ಒಪ್ಪಿಸುತ್ತಾರೆ. ವೃತ್ತಿಯ ಹೆಸರೇ ನಿರ್ದಯತೆಯ ಹೆಸರಾಗಿರುವ ಜನ ಇಲ್ಲಿ ದಯೆಯನ್ನು ತೋರುತ್ತಾರೆ. ದುಷ್ಟತನ ಮಂತ್ರಿಯ ಹೆಸರಿಗೇ ಅಂಟಿಕೊಂಡಿದೆ. ಕಾಡಿನ ಏಕಾಂತದಲ್ಲಿ ಆಜ್ಞೆಯನ್ನು ಮುರಿಯುವ ಸ್ವಾತಂತ್ರ್ಯ ವಧಕಾರನಿಗಿದೆ ಎಂಬುದನ್ನು ಈ ಕಥೆ ಒಪ್ಪುತ್ತದೆ. ಕನ್ನಡ ನಾಡಿನ ಮನೆಮನೆಗಳಲ್ಲಿಯೂ ಯಕ್ಷಗಾನದ ರಂಗದಲ್ಲಿಯೂ ಈ ಪ್ರಸಂಗ ಬಾಳಿಬಂದಿದೆ.

ಇನ್ನೊಂದು ರಾಘವಾಂಕನ ‘ಹರಿಶ್ಚಂದ್ರಕಾವ್ಯ’. ಇಲ್ಲಿ ವಧಕಾರನ ಕತ್ತಿ ಹಿಡಿದವನು ಒಂದು ಕಾಲದ ಚಕ್ರವರ್ತಿ. ಕತ್ತಿಯ ಕೆಳಗಿರುವವಳು ಅವನ ಹೆಂಡತಿ. ಕಾಶಿಯ ಅರಸನ ಮಗನನ್ನು ಕೊಂದಳೆಂಬ ಆರೋಪ ಹೊತ್ತ ಚಂದ್ರಮತಿಯನ್ನು ವಧಿಸುವ ಆಜ್ಞೆ ಅರಸನಿಂದ ವೀರಬಾಹುವಿಗೆ, ವೀರಬಾಹುವಿನಿಂದ ಹರಿಶ್ಚಂದ್ರನಿಗೆ ಇಳಿದು ಬರುತ್ತದೆ. ಆಜ್ಞೆಯ ಈ ಸರಪಳಿಯನ್ನು ಕವಿ ಎಲ್ಲಿಯೂ ಮರೆಮಾಚುವುದಿಲ್ಲ. ಕತ್ತಿಯೆತ್ತಿದ ಕೈಯನ್ನು ನೋಡುವಾಗಲೆಲ್ಲ ಅದರ ಹಿಂದಿನ ಆಜ್ಞೆಗಳನ್ನೂ, ಅವುಗಳ ಹಿಂದಿರುವ ವಿಶ್ವಾಮಿತ್ರನ ಹಟವನ್ನೂ ಓದುಗ ನೋಡುತ್ತಿರುತ್ತಾನೆ. ವಧಕಾರನಾಗಿರುವುದೆಂದರೆ ಏನೆಂಬುದನ್ನು ಒಳಗಿನಿಂದ ಕಾಣಿಸುವ ಅಪರೂಪದ ಸನ್ನಿವೇಶವಿದು.

ಹಾಗೆಂದು ರಾಘವಾಂಕನ ಮಾದರಿಯನ್ನು ಪ್ರಶ್ನಾತೀತವೆಂದು ಭಾವಿಸಬೇಕಾಗಿಲ್ಲ. ಹರಿಶ್ಚಂದ್ರ ಆಜ್ಞೆಯನ್ನು ಪಾಲಿಸಲು ಕತ್ತಿಯೆತ್ತುತ್ತಾನೆ. ಆ ಪಾಲನೆಯೇ ಅವನ ಸತ್ಯನಿಷ್ಠೆಯ ಕೊನೆಯ ಪರೀಕ್ಷೆಯಾಗುತ್ತದೆ. ಕತ್ತಿ ಬೀಳುವ ಗಳಿಗೆಯಲ್ಲಿ ವಿಶ್ವನಾಥ ಪ್ರತ್ಯಕ್ಷನಾಗುತ್ತಾನೆ. ದೇವರು ಪ್ರತ್ಯಕ್ಷನಾಗದ ಲೋಕದಲ್ಲಿ ಈ ವಿಧೇಯತೆಯ ಗತಿಯೇನು? ತಾನು ಆಜ್ಞೆಯನ್ನಷ್ಟೇ ಪಾಲಿಸಿದೆನೆಂಬ ಸಮರ್ಥನೆ ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳಲ್ಲಿ ಎಂತೆಂತಹವರ ಬಾಯಿಂದ ಕೇಳಿಬಂತೆಂಬುದನ್ನು ನಾವು ಬಲ್ಲೆವು. ಚಂದ್ರಮತಿಯ ಕಡೆಯಿಂದ ಓದಿದರಂತೂ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಗಂಡನ ಸತ್ಯ ಉಳಿಯುವುದಕ್ಕಾಗಿ ಅವಳು ಕೊರಳೊಡ್ಡಬೇಕಾಗಿದೆ.

ಹೀಗೆ ನಮ್ಮ ಮುಂದೆ ಮೂರು ಬಗೆಯ ವಧಕಾರರಿದ್ದಾರೆ. ಚಂದ್ರಹಾಸನ ಕಥೆಯಲ್ಲಿ ಆಜ್ಞೆಯನ್ನು ಮುರಿಯುವವರು, ಹರಿಶ್ಚಂದ್ರನ ಕಥೆಯಲ್ಲಿ ನೋಯುತ್ತ ಪಾಲಿಸುವವನು, ಆಟದಲ್ಲಿ ಆಸಕ್ತಿಯಿಂದ ಕೊಲ್ಲುವವನು. ಮೊದಲನೆಯದರಲ್ಲಿ ಆಜ್ಞೆ ಕೊಟ್ಟವನು ಹೆಸರಿನಿಂದಲೇ ಅಪರಾಧಿ. ಎರಡನೆಯದರಲ್ಲಿ ಅವನು ಕಾಣುತ್ತಾನೆ, ಆದರೆ ದೈವಸಂಕಲ್ಪದ ನೆರಳಿನಲ್ಲಿ ಪಾರಾಗುತ್ತಾನೆ. ಮೂರನೆಯದರಲ್ಲಿ ಕೈಯ ಕ್ರೌರ್ಯ ನಮ್ಮ ಗಮನವನ್ನು ಪೂರ್ತಿಯಾಗಿ ಹಿಡಿದಿಡುವುದರಿಂದ ಆಜ್ಞೆಯ ಕಡೆ ಕಣ್ಣು ಹಾಯುವುದೇ ಇಲ್ಲ.

೫

ಆಟವೊಂದರ ಪಠ್ಯ ಅದರ ಕಥೆಯಲ್ಲಿ ಮಾತ್ರ ಇರುವುದಿಲ್ಲ, ಆಟಗಾರನಿಂದ ಅದು ಏನನ್ನು ಮಾಡಿಸುತ್ತದೆ ಎಂಬುದರಲ್ಲಿಯೂ ಇರುತ್ತದೆ. ಈ ಆಟದಲ್ಲಿ ನಾಯಕ ಸಾಮಾನ್ಯ ನಾಗರಿಕರನ್ನು ಕೊಂದರೆ ಎಚ್ಚರಿಕೆ ಬರುತ್ತದೆ. ಎಟ್ಸಿಯೋ ನಾಗರಿಕರನ್ನು ಕೊಂದವನಲ್ಲ ಎಂದು ನೆನಪಿಸಲಾಗುತ್ತದೆ, ಮತ್ತೆಯೂ ಕೊಂದರೆ ಆಟ ನಿಂತುಹೋಗುತ್ತದೆ. ಆದರೆ ಕಾವಲುಗಾರರನ್ನು ಕೊಲ್ಲುವುದಕ್ಕೆ ಇಂತಹ ಯಾವ ತಡೆಯೂ ಇಲ್ಲ. ಅವರೂ ಸಂಬಳಕ್ಕಾಗಿ ಆಜ್ಞೆ ಪಾಲಿಸುವವರೇ. ಯಾರನ್ನು ಕೊಲ್ಲಬಹುದು, ಯಾರನ್ನು ಕೊಲ್ಲಬಾರದು ಎಂಬ ವಿಂಗಡಣೆಯನ್ನು ಆಟದ ವಿನ್ಯಾಸವೇ ಮಾಡಿಕೊಟ್ಟಿರುತ್ತದೆ. ಆಟಗಾರ ಅದನ್ನು ಜಾರಿಗೊಳಿಸುತ್ತಾನೆ. ಅಂದರೆ ವಧಕಾರನನ್ನು ಕೊಲ್ಲುವ ಆಟಗಾರ ತಾನೇ ಇನ್ನೊಬ್ಬನ ಆಜ್ಞೆಯ ವಧಕಾರನಾಗಿರುತ್ತಾನೆ. ಇದೇ ಆಟದ ಬಹುಜನರ ಸ್ಪರ್ಧೆಯ ಭಾಗದಲ್ಲಿ ಆಟಗಾರ ಆಯ್ದುಕೊಳ್ಳಬಹುದಾದ ವೇಷಗಳಲ್ಲಿ ವಧಕಾರನದೂ ಒಂದು. ಕಥೆಯಲ್ಲಿ ಹೇಸಬೇಕಾದವನು ಸ್ಪರ್ಧೆಯಲ್ಲಿ ಆಕರ್ಷಕ ವೇಷವಾಗುತ್ತಾನೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಮುಖ್ಯ ಗುರಿಗಳನ್ನು ಕೊಂದ ಮೇಲೆ ಎಟ್ಸಿಯೋ ಸಾಯುತ್ತಿರುವವನೊಡನೆ ಎರಡು ಮಾತಾಡಿ, ಆತ್ಮಕ್ಕೆ ಶಾಂತಿ ಕೋರುವ ಲ್ಯಾಟಿನ್ ನುಡಿಯನ್ನು ಹೇಳುತ್ತಾನೆ. ಚಾರಿತ್ರಿಕ ರೋಮಿನಲ್ಲಿ ಇಂತಹ ಸಾಂತ್ವನದ ಕೆಲಸಕ್ಕೆಂದೇ ಒಂದು ಸಂಘವಿತ್ತು. ೧೪೮೮ರಲ್ಲಿ ಆರಂಭವಾದ ಸಾನ್ ಜೊವಾನಿ ದೆಕೊಲ್ಲಾತೋ ಸಂಘದ ಸದಸ್ಯರು ಮರಣದಂಡಿತರೊಡನೆ ಕೊನೆಯ ರಾತ್ರಿಯನ್ನು ಕಳೆಯುತ್ತಿದ್ದರು. ವಧಸ್ಥಾನಕ್ಕೆ ಹೋಗುವ ದಾರಿಯುದ್ದಕ್ಕೂ ಅವರ ಕಣ್ಣೆದುರಿಗೆ ಪವಿತ್ರ ಚಿತ್ರದ ಹಲಗೆಯನ್ನು ಹಿಡಿಯುತ್ತಿದ್ದರು, ನಂತರ ಶವಸಂಸ್ಕಾರ ಮಾಡುತ್ತಿದ್ದರು. ಮೈಕೆಲೇಂಜೆಲೊ ಕೂಡ ಈ ಸಂಘದ ಸದಸ್ಯನಾಗಿದ್ದ. ಕೊಲ್ಲುವವನು ಬೇರೆ, ಸಂತೈಸುವವನು ಬೇರೆ ಎಂಬ ಕೆಲಸದ ಹಂಚಿಕೆ ಅಲ್ಲಿತ್ತು. ಕೊಲ್ಲುವವನಿಗೆ ಕಳಂಕ ಸಂದರೆ ಸಂತೈಸುವವನಿಗೆ ಪುಣ್ಯ ಸಲ್ಲುತ್ತಿತ್ತು. ಆಟದ ನಾಯಕ ಎರಡನ್ನೂ ಒಬ್ಬನೇ ಮಾಡುತ್ತಾನೆ. ಪುಣ್ಯವನ್ನು ತಾನಿಟ್ಟುಕೊಂಡು ಕಳಂಕವನ್ನು ‘ಇಲ್ ಕಾರ್ನೆಫಿಚೆ’ಗೆ ಬಿಡುತ್ತಾನೆ. ವಧಕಾರ ಎಂಬ ಖಳ ಇಂತಹ ಆಟಕ್ಕೆ ಏಕೆ ಬೇಕಾಗುತ್ತಾನೆಂಬುದಕ್ಕೆ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ನಾಯಕನ ಕೊಲೆಗಳು ಕೊಲೆಗಳೆನಿಸದಿರಬೇಕಾದರೆ ಕೊಲ್ಲುವುದನ್ನೇ ಸ್ವಭಾವವಾಗಿಸಿಕೊಂಡ ಇನ್ನೊಬ್ಬ ಪಕ್ಕದಲ್ಲಿರಬೇಕು.

ಈ ಆಟವನ್ನು ನಿಷೇಧಿಸಬೇಕೆಂದಾಗಲಿ, ಆಡುವವರು ಕ್ರೂರಿಗಳಾಗುತ್ತಾರೆಂದಾಗಲಿ ಇಲ್ಲಿ ಹೇಳುತ್ತಿಲ್ಲ. ವಧಕಾರ ನಿರ್ದೋಷಿಯೆಂದೂ ನನ್ನ ಅಭಿಪ್ರಾಯವಲ್ಲ. ಚಂದ್ರಹಾಸನನ್ನು ಉಳಿಸಿದ ಕಟುಕರು ಅವನಿಗೂ ಆಯ್ಕೆಯಿದೆ ಎಂಬುದನ್ನು ತೋರಿಸಿಕೊಟ್ಟಿದ್ದಾರೆ. ಆದರೆ ಹೊಡೆದ ಕೈಯೊಂದನ್ನೇ ತೋರಿಸಿ ನ್ಯಾಯವಾಯಿತೆಂದು ಹೇಳುವ ಕಥನಗಳು ಆಟದಲ್ಲಿ ಮಾತ್ರವಲ್ಲ, ಸುದ್ದಿಯಲ್ಲಿಯೂ ಸಿನಿಮಾದಲ್ಲಿಯೂ ನಮ್ಮನ್ನು ಸುತ್ತುವರಿದಿವೆ. ಲಾಠಿ ಬೀಸಿದ ಪೇದೆಯ ಚಿತ್ರ ನಮಗೆ ಕಾಣುತ್ತದೆ, ಬೀಸಲು ಹೇಳಿದವರ ಚಿತ್ರ ಅಪರೂಪಕ್ಕೂ ಕಾಣುವುದಿಲ್ಲ. ಹರಿಶ್ಚಂದ್ರಕಾವ್ಯದ ವಧಾಪ್ರಸಂಗವನ್ನು ಬೋಧಿಸುವಾಗ ಕರುಣರಸದ ವಿವರಣೆಯಲ್ಲಿ ನಿಂತುಬಿಡದೆ ಆಜ್ಞೆ ಎಲ್ಲಿಂದ ಹೊರಟು ಯಾರ ಮೂಲಕ ಇಳಿದುಬಂತೆಂಬುದನ್ನು ವಿದ್ಯಾರ್ಥಿಗಳೊಡನೆ ಗುರುತಿಸುವುದು ಸಾಧ್ಯವಾದರೆ, ಆ ಓದಿನ ಕ್ರಮವನ್ನು ಅವರು ತಮ್ಮ ಆಟದ ಪರದೆಯ ಮುಂದಕ್ಕೂ ಒಯ್ಯಬಲ್ಲರು. ಚೆಜೆನಾದ ಚೌಕದಲ್ಲಿ ನಿಂತ ಜನರಿಗೆ ರೆಮಿರ್ರೋನ ದೇಹ ಕಂಡಿತು. ಆ ರಾತ್ರಿ ಕತ್ತಿಯನ್ನು ಯಾರ ಕೈಗೆ ಕೊಡಲಾಗಿತ್ತು, ಕೊಟ್ಟವರು ಯಾರು ಎಂದು ಅವರಲ್ಲಿ ಯಾರಾದರೂ ಕೇಳಬಹುದಿತ್ತು. ಆ ಪ್ರಶ್ನೆಯನ್ನು ಕೇಳಲು ಕಲಿಸುವುದು ಸಾಹಿತ್ಯದ ತರಗತಿಯ ಹೊಣೆಯೆಂದು ನಾನು ಭಾವಿಸುತ್ತೇನೆ.